ಅಸೆಂಬ್ಲಿ ಟೇಬಲ್‌ನಿಂದ ಅರ ತೆಗೆದ ಮೇಲೆ

ನಾವು ಎಸ್ಪ್ರೆಸ್ಸೊ ಕಾಫಿ ಮಷಿನ್ ಮಾಡುವವರು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಶೆಡ್ ಇದೆ. ತಿಂಗಳಿಗೆ ಮೂರು ನಾಲ್ಕು ಮಷಿನ್ ಮಾಡುತ್ತಿದ್ದವರು ಈಗ ಮೂವತ್ತರ ಹತ್ತಿರ ಬಂದಿದ್ದೇವೆ. ಹೇಗೆ ಮಾಡಿದ್ರಿ ಅಂತ ಬೇರೆ ಸಣ್ಣ ವರ್ಕ್‌ಶಾಪ್‌ನವರು ಆಗಾಗ ಕೇಳುತ್ತಾರೆ. ಪಂಪ್ ಮಾಡುವವರು, ರೊಟ್ಟಿ ಮಷಿನ್ ಮಾಡುವವರು, ಚನ್ನಗಿರಿ ಕಡೆಯ ಅಡಿಕೆ ಸುಲಿಯುವ ಮಷಿನ್‌ನವರು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಂದೇ ಸಲ ಕೂತು ಬರೆಯೋಣ ಅನ್ನಿಸಿತು. ಮಾರಾಟ, ಗಿರಾಕಿ, ಬ್ಯಾಂಕು ಎಲ್ಲ ನಮ್ಮ ಅಣ್ಣ ನೋಡಿಕೊಳ್ಳುತ್ತಾನೆ. ಶೆಡ್ಡಿನ ಒಳಗಿನ ಕೆಲಸ ನನ್ನದು. ಹಾಗಾಗಿ ಇಲ್ಲಿ ಜಾಸ್ತಿ ಬರುವುದು ಶೆಡ್ಡಿನ ವಿಷಯವೇ.

ಬೆಣ್ಣೆ ದೋಸೆ ಊರಲ್ಲಿ ಎಸ್ಪ್ರೆಸ್ಸೊ ಮಷಿನ್ನಾ ಅಂತ ಮೊದಲು ಎಲ್ಲರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಲೇತ್ (ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರ) ಕೆಲಸ ಗೊತ್ತಿರುವ ಜನ ಇಲ್ಲಿ ಸಿಗುವಷ್ಟು ಬೇರೆ ಯಾವ ಊರಲ್ಲಿ ಸಿಗುತ್ತಾರೆ? ಹದಿನಾಲ್ಕು ಹದಿನೈದು ಕಿಲೋಮೀಟರ್ ದೂರದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ಲೇತ್‌ಗಳನ್ನೇ ತಯಾರು ಮಾಡುತ್ತಿದ್ದರು. ಕಾರ್ಖಾನೆ ಮುಚ್ಚಿತು, ಆದರೆ ಅಲ್ಲಿ ಕೆಲಸ ಕಲಿತವರು, ಅವರ ಮಕ್ಕಳು, ಅವರ ಕೈಕೆಳಗೆ ಕಲಿತವರು ಈಗಲೂ ಹರಿಹರ ಮತ್ತು ದಾವಣಗೆರೆಯ ಸಣ್ಣ ಸಣ್ಣ ಶೆಡ್‌ಗಳಲ್ಲಿ ಇದ್ದಾರೆ. ಅದು ಈ ಎರಡು ಊರಿನ ದೊಡ್ಡ ಆಸ್ತಿ ಅಂತ ನಾನು ನಂಬಿದ್ದೇನೆ. ಮೇಲಾಗಿ ಬೆಂಗಳೂರು ಹುಬ್ಬಳ್ಳಿ ಎರಡಕ್ಕೂ ಒಂದೇ ಹೈವೇ. ಚಿಕ್ಕಮಗಳೂರಿನ ಕಾಫಿಯೂ ದೂರ ಇಲ್ಲ.

ಮಷಿನ್ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಎಸ್ಪ್ರೆಸ್ಸೊ ಅಂದರೆ ಸುಮಾರು 18 ಗ್ರಾಂ ನುಣ್ಣನೆಯ ಕಾಫಿ ಪುಡಿಯ ಮೂಲಕ 90ರಿಂದ 96 ಡಿಗ್ರಿ ಬಿಸಿ ನೀರನ್ನು 9 ಬಾರ್ (ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು) ಒತ್ತಡದಲ್ಲಿ ನೂಕಿ, 25–30 ಸೆಕೆಂಡಿನಲ್ಲಿ 36 ಗ್ರಾಂ ಆಸುಪಾಸು ಕಾಫಿ ಇಳಿಸುವುದು. ನಮ್ಮದು ಲಿವರ್ ಮಷಿನ್, ಒತ್ತಡಕ್ಕೆ ಪಂಪ್ ಇಲ್ಲ. ಹಿಡಿಯನ್ನು ಕೆಳಗೆ ಎಳೆದರೆ ಒಳಗಿನ ಸ್ಪ್ರಿಂಗ್ ಅದುಮಿಕೊಂಡು ಪಿಸ್ಟನ್ ಮೇಲೆ ಹೋಗುತ್ತದೆ, ಸಿಲಿಂಡರ್ ಒಳಗೆ ಬಿಸಿ ನೀರು ತುಂಬಿಕೊಳ್ಳುತ್ತದೆ. ಹಿಡಿ ಬಿಟ್ಟರೆ ಸ್ಪ್ರಿಂಗೇ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಮಿಲಾನ್‌ನ ಅಕಿಲೆ ಗಾಜಿಯಾ 1938ರ ಪೇಟೆಂಟ್‌ನಿಂದ ಈ ದಾರಿ ಹಿಡಿದು, ಯುದ್ಧ ಮುಗಿದ ಮೇಲೆ ಸ್ಪ್ರಿಂಗ್ ಲಿವರ್ ಮಷಿನ್ ತಂದರು. ಎಸ್ಪ್ರೆಸ್ಸೊ ಮೇಲೆ ನಿಲ್ಲುವ ಆ ಕಂದು ಕೆನೆ ಎಲ್ಲರಿಗೂ ಪರಿಚಯ ಆಗಿದ್ದು ಅಲ್ಲಿಂದಲೇ. ಇದರಲ್ಲಿ ಎಲೆಕ್ಟ್ರಾನಿಕ್ಸ್ ಕಡಿಮೆ, ಲೇತ್ ಕೆಲಸ ಜಾಸ್ತಿ. ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿದೆ.

ಮೊದಲೆಲ್ಲ ಒಂದು ಮಷಿನ್‌ಗೆ ಒಬ್ಬ ಫಿಟ್ಟರ್. ಅವನೇ ಶುರು ಮಾಡುತ್ತಿದ್ದ, ಅವನೇ ಮುಗಿಸುತ್ತಿದ್ದ. ತೂತಿಗೆ ಬೋಲ್ಟ್ ಕೂರದಿದ್ದರೆ ಅರ (ಲೋಹ ಉಜ್ಜುವ ಫೈಲ್) ಹಾಕಿ ತೂತನ್ನು ಸ್ವಲ್ಪ ಎಳೆಯುತ್ತಿದ್ದ. ಪಿಸ್ಟನ್ ಟೈಟ್ ಆದರೆ ಎಮರಿ ಕಾಗದ ಹಿಡಿಯುತ್ತಿದ್ದ, ಲೂಸ್ ಆದರೆ ರ‍್ಯಾಕಿನಿಂದ ಇನ್ನೊಂದು ತೆಗೆದು ನೋಡುತ್ತಿದ್ದ. ಹೀಗೆ ಮಾಡಿದ ಮಷಿನ್‌ಗಳು ಚೆನ್ನಾಗಿಯೇ ಇದ್ದವು, ಇವತ್ತಿಗೂ ಕೆಲಸ ಮಾಡುತ್ತಿವೆ. ಆದರೆ ಒಂದರ ಪಿಸ್ಟನ್ ಇನ್ನೊಂದಕ್ಕೆ ಆಗುವುದಿಲ್ಲ. ಪ್ರತಿ ಮಷಿನ್ ಅದನ್ನು ಮಾಡಿದವನ ಕೈಯಲ್ಲಿ ಒಂದೊಂದು ತರಹ ಹೊಂದಿಕೊಂಡಿತ್ತು.

ಆಮೇಲೆ ಬೆಂಗಳೂರಿನ ಕಾಫಿ ಬೀಜ ಹುರಿದು ಮಾರುವ ಒಬ್ಬ ರೋಸ್ಟರ್‌ನಿಂದ ಪ್ರತಿ ತಿಂಗಳೂ ಇಂತಿಷ್ಟು ಮಷಿನ್ ಬೇಕು ಅನ್ನುವ ಆರ್ಡರ್ ಬಂತು. "ಇನ್ನೂ ನಾಲ್ಕು ಜನ ಫಿಟ್ಟರ್ ತಗೊಳ್ಳೋಣ, ಆಯ್ತಲ್ಲ?" ಅಂದ ಅಣ್ಣ. ಯಾರಾದರೂ ಮೊದಲು ಹೇಳುವುದು ಇದನ್ನೇ. ನಾನು ಒಂದು ಪುಸ್ತಕ ಇಟ್ಟುಕೊಂಡು, ಫಿಟ್ಟರ್‌ನ ದಿನದಲ್ಲಿ ಜೋಡಿಸುವ ಕೆಲಸ ಎಷ್ಟು, ಉಜ್ಜಿ ತಿದ್ದಿ ಹೊಂದಿಸುವ ಕೆಲಸ ಎಷ್ಟು ಅಂತ ಬರೆಯುತ್ತಾ ಹೋದೆ. ಅರ್ಧಕ್ಕಿಂತ ಜಾಸ್ತಿ ಹೊತ್ತು ಹೊಂದಿಸುವುದಕ್ಕೇ ಹೋಗುತ್ತಿತ್ತು. ಹೊಸ ಹುಡುಗರಿಗೆ ಆ ಕೈ ಬರುವುದಕ್ಕೆ ವರ್ಷ ಬೇಕು. ಅಷ್ಟು ಹೊತ್ತು ಆರ್ಡರ್ ಕಾಯುವುದಿಲ್ಲ.

ಹರಿಹರದಲ್ಲಿ ಒಬ್ಬರು ಹಿರಿಯ ಟರ್ನರ್ ಇದ್ದಾರೆ. ಕಿರ್ಲೋಸ್ಕರ್‌ನಲ್ಲಿ ಟೂಲ್ ರೂಮ್‌ನಲ್ಲಿ ಕೆಲಸ ಮಾಡಿದವರು, ನಾನು ಅವರನ್ನು ಕಾಕಾ ಅನ್ನುತ್ತೇನೆ. ಅವರನ್ನು ಶೆಡ್ಡಿಗೆ ಕರೆಸಿದೆ. ಮಾತಾಡದೆ ಒಂದು ಸುತ್ತು ನೋಡಿದರು. ಅಸೆಂಬ್ಲಿ ಟೇಬಲ್ ಹತ್ತಿರ ನಿಂತು, "ನಿನಗ ಫಿಟ್ಟರ್ ಬ್ಯಾಡವ್ವ, ಗೇಜ್ ಬೇಕು. ಈ ಟೇಬಲ್ ಮ್ಯಾಲಿನ ಅರ ಎಲ್ಲಾ ತಗದು ಬೀರುದಾಗ ಇಟ್ಟು ಬೀಗ ಹಾಕು. ಆಮ್ಯಾಲೆ ಎಲ್ಲೆಲ್ಲಿ ಕೆಲಸ ನಿಲ್ತೈತಿ ನೋಡು. ನಿನ್ನ ಕೆಲಸ ಅಲ್ಲೈತಿ" ಅಂದರು.

ಬೀಗ ಹಾಕಿದೆವು. ಕೆಲಸ ನಿಜವಾಗಿಯೂ ನಿಂತಿತು. ಒಂದೊಂದು ಕಡೆ ನಿಂತಾಗಲೂ ಹಲಗೆ ಮೇಲೆ ಬರೆದೆವು: ಹಿಂದಿನ ಕವರ್‌ನ ತೂತು, ಲಿವರ್ ಫೋರ್ಕಿನ (ಹಿಡಿ ಕೂರುವ ಕವಲು) ಪಿನ್, ಪಿಸ್ಟನ್ ಸೀಲ್ ಕೂರುವ ತೋಡು, ಬಾಯ್ಲರ್ ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸುವ ಚಪ್ಪಟೆ ಅಂಚು). ಹಲಗೆ ತುಂಬಿತು. ಆ ಹಲಗೆಯೇ ಮುಂದೆ ನಮ್ಮ ಕೆಲಸದ ಪಟ್ಟಿ ಆಯಿತು. ಒಂದೊಂದನ್ನೂ ಹಿಡಿದು, ಇದು ಯಾವ ಲೇತ್‌ನಿಂದ ಬಂತು, ಯಾವ ಡ್ರಿಲ್‌ನಿಂದ ಬಂತು ಅಂತ ಹಿಂದಕ್ಕೆ ಹೋಗಿ, ತಪ್ಪು ಹುಟ್ಟುವ ಜಾಗದಲ್ಲೇ ಅದನ್ನು ಹಿಡಿಯುವ ವ್ಯವಸ್ಥೆ ಮಾಡುವುದು, ಅಷ್ಟೇ. ತಗಡಿನ ತೂತುಗಳಿಗೆ ಡ್ರಿಲ್ ಜಿಗ್ (ಡ್ರಿಲ್ಲಿಗೆ ಸರಿಯಾದ ಜಾಗ ತೋರಿಸುವ ಅಚ್ಚು) ಮಾಡಿದೆವು, ಆಮೇಲೆ ತಗಡನ್ನು ಲೇಸರ್ ಕಟಿಂಗ್‌ಗೇ ಕೊಟ್ಟೆವು. ಫೋರ್ಕನ್ನು ಅಲುಗದ ಹಾಗೆ ಹಿಡಿಯುವುದಕ್ಕೆ ಒಂದು ಫಿಕ್ಸ್ಚರ್. ಸಿಲಿಂಡರ್‌ಗೆ ಪ್ಲಗ್ ಗೇಜ್.

ಸಿಲಿಂಡರ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಬೋರ್, ಅಂದರೆ ಸಿಲಿಂಡರ್ ಒಳಗಿನ ಅಗಲ, 50 ಮಿಲಿಮೀಟರ್. ಅದು 50.000ರಿಂದ 50.025 ಒಳಗೆ ಇರಬೇಕು, ಅಂದರೆ 25 ಮೈಕ್ರಾನ್ ಜಾಗ (ಮಿಲಿಮೀಟರ್ ಒಂದರಲ್ಲಿ ಸಾವಿರ ಮೈಕ್ರಾನ್). ಬೋರ್ ಗೇಜಿನ ಡಯಲ್ ನೋಡಿ ಇದನ್ನು ಅಳೆಯಬಹುದು, ಆದರೆ ಅದಕ್ಕೆ ಪಳಗಿದ ಕೈ ಬೇಕು, ಇಬ್ಬರು ಅಳೆದರೆ ಎರಡು ಲೆಕ್ಕ ಬರುತ್ತದೆ. ಪ್ಲಗ್ ಗೇಜ್‌ನ ಒಂದು ತುದಿ ಒಳಗೆ ಹೋಗಲೇಬೇಕು, ಇನ್ನೊಂದು ತುದಿ ಹೋಗಲೇಬಾರದು. ನಿನ್ನೆ ಸೇರಿದ ಹುಡುಗಿಯೂ ನೋಡಬಹುದು. ಕಾಕಾ ಅದನ್ನು ಗಟ್ಟಿ ಉಕ್ಕಿನಲ್ಲಿ ಮಾಡಿಸಿ ಗ್ರೈಂಡ್ ಮಾಡಿಸಿ ತಂದುಕೊಟ್ಟರು, ನಾವು ಬೆಂಗಳೂರಿನಲ್ಲಿ ಕ್ಯಾಲಿಬ್ರೇಷನ್ ಮಾಡಿಸಿದೆವು. ಜೊತೆಗೆ ಕಾಕಾ ಇನ್ನೊಂದು ಮಾತು ಹೇಳಿದರು: ಲೇತ್‌ನಿಂದ ಇಳಿದ ಕೂಡಲೇ ಗೇಜ್ ಹಾಕಬೇಡ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ 20 ಡಿಗ್ರಿ ಬಿಸಿ ಜಾಸ್ತಿ ಇದ್ದರೆ 50 ಮಿಲಿಮೀಟರ್ ಬೋರ್ ಸುಮಾರು 17 ಮೈಕ್ರಾನ್ ಹಿಗ್ಗಿರುತ್ತದೆ. ನಮಗೆ ಇರುವುದೇ 25. ಹಾಗಾಗಿ ಸಿಲಿಂಡರ್‌ಗಳು ಒಂದು ಟ್ರೇನಲ್ಲಿ ಕೂತು ಆರಬೇಕು, ಆಮೇಲೆ ಗೇಜ್. ಆ ಟ್ರೇಗೆ ಯಾರೂ ಅವಸರ ಮಾಡುವ ಹಾಗಿಲ್ಲ, ನಾನೂ ಸೇರಿ.

ಸ್ಟೇನ್‌ಲೆಸ್ ಯಾಕೆ ಅಂತಲೂ ಕೇಳುತ್ತಾರೆ. ಹಿತ್ತಾಳೆ ಲೇತ್ ಮೇಲೆ ಬೆಣ್ಣೆ ಹಾಗೆ ಹೋಗುತ್ತದೆ ಅನ್ನುವುದು ನಿಜ. ಆದರೆ ಇಲ್ಲಿ ಅಂಗಡಿಯಲ್ಲಿ ಸಿಗುವ ಐಎಸ್ 319 ಹಿತ್ತಾಳೆ ರಾಡಿನಲ್ಲಿ ಸುಲಭವಾಗಿ ಕತ್ತರಿಸಲಿ ಅಂತಲೇ ಸೀಸ ಸೇರಿಸಿರುತ್ತಾರೆ. ಬೆಳಗಿನಿಂದ ಸಂಜೆವರೆಗೆ ಬಿಸಿ ನೀರು ಅದರಲ್ಲಿ ನಿಂತು, ಅದೇ ನೀರನ್ನು ಜನ ಕುಡಿಯುತ್ತಾರೆ. ತಿಂಗಳಿಗೆ ನಾಲ್ಕು ಮಾಡುವಾಗಲೂ ಇದು ಮುಖ್ಯವೇ, ಮೂವತ್ತು ಮಾಡುವಾಗ ಇನ್ನೂ ಮುಖ್ಯ. ನೀರು ಮುಟ್ಟುವ ಭಾಗ ಎಲ್ಲ 304 ಸ್ಟೇನ್‌ಲೆಸ್ ಅಂತ ತೀರ್ಮಾನ ಮಾಡಿದೆವು. ಅದರ ಬೆಲೆ ತೆರಬೇಕಾಯಿತು. ಸ್ಟೇನ್‌ಲೆಸ್ ಕತ್ತರಿಸುವಾಗ ಟೂಲ್ ಒಂದೇ ಕಡೆ ಉಜ್ಜಿದರೆ ಲೋಹ ಅಲ್ಲೇ ಗಟ್ಟಿಯಾಗುತ್ತದೆ, ಟಿಪ್ ಬೇಗ ಹೋಗುತ್ತದೆ, ಒಂದೊಂದು ಪೀಸ್‌ಗೆ ಹೊತ್ತು ಜಾಸ್ತಿ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್‌ನಲ್ಲಿ ಕೂಲಿಗೆ ಮಾಡಿಕೊಡುವ ಜಾಬ್ ವರ್ಕ್‌ನವರು "ಹಿತ್ತಾಳೆ ಕೊಡ್ರಿ ಅಕ್ಕ, ಅರ್ಧ ರೇಟಿಗೆ ಮಾಡಿಕೊಡ್ತೀನಿ" ಅಂತ ಇವತ್ತಿಗೂ ಹೇಳುತ್ತಾರೆ. ಕೊಡುವುದಿಲ್ಲ.

ಸ್ಪ್ರಿಂಗ್ ಬಗ್ಗೆ ನನಗೆ ಜಾಸ್ತಿ ಹೇಳಬೇಕು. 50 ಮಿಲಿಮೀಟರ್ ಪಿಸ್ಟನ್ ಮೇಲೆ 9 ಬಾರ್ ಒತ್ತಡ ಬರಬೇಕು ಅಂದರೆ ಸ್ಪ್ರಿಂಗ್ ಸುಮಾರು 180 ಕಿಲೋ ಬಲದಿಂದ ತಳ್ಳಬೇಕು. ಮೂರು ಜನ ಆಳಿನ ತೂಕ. ಇಷ್ಟು ಬಲ ಒಂದು ಕೈಗೆ ಸಿಗುವುದು ಲಿವರ್‌ನ ಉದ್ದದಿಂದ. ಅದಕ್ಕೇ ಈ ಮಷಿನ್‌ನಲ್ಲಿ ಅಪಾಯ ಇರುವುದೂ ಇಲ್ಲೇ. ಹಿಡಿ ಕೆಳಗಿದ್ದಾಗ ಕಾಫಿ ಪುಡಿಯ ಬುಟ್ಟಿ ಕಳಚಿದರೆ, ಅಥವಾ ಪುಡಿಯೇ ಇಲ್ಲದೆ ಹಿಡಿ ಬಿಟ್ಟರೆ, ಪಿಸ್ಟನ್‌ಗೆ ಅಡ್ಡ ಏನೂ ಇರುವುದಿಲ್ಲ. ಹಿಡಿ ಒಮ್ಮೆಲೇ ಜೋರಾಗಿ ಮೇಲೆ ಹಾರಿ ಗದ್ದಕ್ಕೆ ಹೊಡೆಯುತ್ತದೆ. ಗಿರಾಕಿಗೆ ಇದನ್ನು ಬಾಯಲ್ಲಿ ಹೇಳುತ್ತೇವೆ, ಮಷಿನ್ ಮೇಲೂ ಬರೆದಿರುತ್ತೇವೆ. ಶೆಡ್ಡಿನಲ್ಲೂ ಅಷ್ಟೇ. ಕೆಲಸದ ಸಂಖ್ಯೆ ಏರಿಸುವುದಕ್ಕೆ ಮೊದಲು ನಾವು ಮಾಡಿದ್ದು ಸ್ಪ್ರಿಂಗ್ ಕೂರಿಸುವ ಪಂಜರ. ನಾಲ್ಕೂ ಕಡೆ ದಪ್ಪ ತಗಡು, ಮೇಲೆ ಸ್ಕ್ರೂ ಪ್ರೆಸ್. ಸ್ಪ್ರಿಂಗ್ ಜಾರಿದರೂ ಒಳಗೇ ಬೀಳಬೇಕು. ಪಳಗಿದ ಫಿಟ್ಟರ್ ಇದ್ದಾಗ ಅವನು ಬರೀ ಕೈಯಲ್ಲಿ ವೈಸ್‌ಗೆ ಹಾಕಿ ಮಾಡುತ್ತಿದ್ದ. ಹೊಸಬರ ಕೈಗೆ ಅದನ್ನು ಕೊಡುವುದಕ್ಕೆ ನನಗೆ ಮನಸ್ಸಿರಲಿಲ್ಲ.

ಸ್ಪ್ರಿಂಗ್‌ಗಳು ಹೊರಗಿನಿಂದ ಬರುತ್ತವೆ. ಕಡಿಮೆ ಇದ್ದಾಗ ಒಂದೊಂದನ್ನೂ ಹಾಕಿ ನೋಡಿ, ಚೆನ್ನಾಗಿದ್ದದ್ದು ಆರಿಸಿಕೊಳ್ಳುತ್ತಿದ್ದೆವು. ದೊಡ್ಡ ಲಾಟ್ ತರಿಸಿದಾಗ ಉದ್ದ ಸರಿ, ತಂತಿ ದಪ್ಪ ಸರಿ, ಆದರೆ ಬಲ ಒಂದೊಂದರದು ಒಂದೊಂದು. ಒಂದು ಮಷಿನ್‌ನಲ್ಲಿ ಏಳೂವರೆ ಬಾರ್, ಪಕ್ಕದ್ದರಲ್ಲಿ ಹತ್ತು. ಸಪ್ಲೈಯರ್ "ಸೈಜ್ ಕರೆಕ್ಟ್ ಇದೆಯಲ್ಲ" ಅಂತ ವಾದ ಮಾಡಿದ, ಆ ಲಾಟ್ ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ನಮ್ಮ ಡ್ರಾಯಿಂಗ್‌ನಲ್ಲಿ ಬಲವನ್ನೇ ಬರೆಯುತ್ತೇವೆ: ಇಷ್ಟು ಉದ್ದಕ್ಕೆ ಅದುಮಿದಾಗ ಇಷ್ಟು ಕಿಲೋ, ಅಷ್ಟು ಉದ್ದಕ್ಕೆ ಬಿಟ್ಟಾಗ ಅಷ್ಟು ಕಿಲೋ. ಎರಡೂ ಬೇಕು, ಯಾಕೆಂದರೆ ಲಿವರ್ ಮಷಿನ್‌ನಲ್ಲಿ ಒತ್ತಡ ಶುರುವಿನಲ್ಲಿ ಜಾಸ್ತಿ ಇದ್ದು ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಇಳಿಯುತ್ತಾ ಬರುತ್ತದೆ, ಆ ಇಳಿತವೇ ಲಿವರ್ ಕಾಫಿಯ ರುಚಿ. ಇನ್ನೊಂದು, ಹೊಸ ಸ್ಪ್ರಿಂಗನ್ನು ಪೂರ್ತಿ ಅದುಮಿ ಬಿಟ್ಟರೆ ಅದು ಚೂರು ಕುಗ್ಗಿ ಅಲ್ಲಿಗೆ ನಿಲ್ಲುತ್ತದೆ. ಆ ಕುಗ್ಗುವಿಕೆ ನಮ್ಮಲ್ಲೇ ಆಗಿಬಿಡಲಿ, ಗಿರಾಕಿಯ ಕೆಫೆಯಲ್ಲಿ ಆಗುವುದು ಬೇಡ. ಹಾಗಾಗಿ ಮೊದಲು ಪೂರ್ತಿ ಅದುಮುತ್ತೇವೆ, ಆಮೇಲೆ ಬಲ ತೋರಿಸುವ ಲೋಡ್ ಸೆಲ್ ಇರುವ ಪ್ರೆಸ್ಸಿನಲ್ಲಿ ಅಳೆಯುತ್ತೇವೆ, ಪಾಸಾದದ್ದಕ್ಕೆ ಹಸಿರು ಬಣ್ಣದ ಚುಕ್ಕಿ. ಚುಕ್ಕಿ ಇಲ್ಲದ ಸ್ಪ್ರಿಂಗ್ ಸ್ಟೋರಿನಿಂದ ಆಚೆ ಬರುವುದಿಲ್ಲ.

ಬಾಯ್ಲರ್ ಕೆಲಸ ಪೂರ್ತಿ ಆರ್ಗಾನ್ ವೆಲ್ಡಿಂಗ್. ನಮ್ಮದು ಕೆಲವೇ ಲೀಟರ್ ಹಿಡಿಯುವ ಸಣ್ಣ ಬಾಯ್ಲರ್. 25 ಲೀಟರ್‌ಗಿಂತ ಕಡಿಮೆ ಇರುವುದರಿಂದ ಬಾಯ್ಲರ್ ಕಾನೂನಿನ ಕೆಳಗೆ ಬರುವುದಿಲ್ಲ. ಹಾಗಂತ ಒಂದನ್ನೂ ಟೆಸ್ಟ್ ಮಾಡದೆ ಬಿಡುವ ಮಾತೇ ಇಲ್ಲ. ಒಳಗಿನ ಹಬೆ ಒಂದು ಒಂದೂಕಾಲು ಬಾರ್‌ನಲ್ಲಿ 120 ಡಿಗ್ರಿ ದಾಟಿರುತ್ತದೆ, ಪಕ್ಕದಲ್ಲೇ ಒಬ್ಬ ಹುಡುಗ ನಿಂತು ದಿನವಿಡೀ ಕಾಫಿ ಮಾಡುತ್ತಾನೆ. ಡಿಸೈನ್ ಒತ್ತಡದ ಒಂದೂವರೆ ಪಟ್ಟು ಒತ್ತಡ ಹಾಕಿ ಪ್ರತಿ ಬಾಯ್ಲರ್ ನೋಡುತ್ತೇವೆ, ಅದೂ ನೀರು ತುಂಬಿ. ಗಾಳಿ ಹಾಕಿದರೆ ಬೇಗ ಆಗುತ್ತದಲ್ಲ ಅಂತ ಒಬ್ಬರು ಸಲಹೆ ಕೊಟ್ಟರು. ಅದನ್ನು ಯಾರೂ ಮಾಡಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ನೀರು ಅದುಮಿದರೆ ಕುಗ್ಗುವುದೇ ಇಲ್ಲ ಅನ್ನಬಹುದು, ವೆಲ್ಡ್ ಬಿಟ್ಟರೆ ಸ್ವಲ್ಪ ನೀರು ಚಿಮ್ಮಿ ಒತ್ತಡ ಬಿದ್ದುಹೋಗುತ್ತದೆ. ಗಾಳಿ ಅದುಮಿಕೊಂಡು ಕೂತಿರುತ್ತದೆ, ಬಿಟ್ಟರೆ ಬಾಂಬ್.

ವೆಲ್ಡಿಂಗ್‌ನಲ್ಲಿ ಸಂಖ್ಯೆ ಏರಿಸಿದ್ದು ಎರಡು ಬದಲಾವಣೆ. ಮೊದಲು ಫ್ಲ್ಯಾಂಜನ್ನು ಲೇತ್‌ನಲ್ಲಿ ಮುಗಿಸಿ ಆಮೇಲೆ ಬಾಯ್ಲರ್‌ಗೆ ವೆಲ್ಡ್ ಮಾಡುವ ಪದ್ಧತಿ ಇತ್ತು. ಬಿಸಿಗೆ ಅದು ಸೊಟ್ಟ ಆಗುತ್ತಿತ್ತು, ಫಿಟ್ಟರ್ ಉಜ್ಜಿ ಮಟ್ಟ ಮಾಡುತ್ತಿದ್ದ. ಅರಕ್ಕೆ ಬೀಗ ಬಿದ್ದ ಮೇಲೆ ಇದು ಕಣ್ಣಿಗೆ ಬಿತ್ತು. ಈಗ ಫ್ಲ್ಯಾಂಜ್ ಸ್ವಲ್ಪ ದಪ್ಪ ಇಟ್ಟು ವೆಲ್ಡ್ ಮಾಡಿ, ಕೊನೆಗೆ ಮುಖ ಕತ್ತರಿಸುತ್ತೇವೆ. ಇನ್ನೊಂದು, ಬಾಯ್ಲರ್ ತಾನೇ ನಿಧಾನ ತಿರುಗುವ ಪೊಸಿಷನರ್. ವೆಲ್ಡರ್ ಭಾಯ್ ಕೈ ಒಂದೇ ಕಡೆ ಇಟ್ಟುಕೊಂಡರೆ ಸಾಕು. ಒಳಗಡೆಯೂ ಆರ್ಗಾನ್ ತುಂಬಿಸುತ್ತೇವೆ, ಇಲ್ಲದಿದ್ದರೆ ವೆಲ್ಡ್‌ನ ಹಿಂಬದಿ ಸುಟ್ಟು ಕಪ್ಪಾಗಿ ಒರಟಾಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಗ್ಯಾಸ್ ಖರ್ಚು ಜಾಸ್ತಿ ಆಯಿತು ಅಂತ ಅಣ್ಣ ಗೊಣಗಿದ. ಒಂದು ಬಾಯ್ಲರ್ ಕೊಯ್ದು ಒಳಗೆ ತೋರಿಸಿದ ಮೇಲೆ ಸುಮ್ಮನಾದ.

ಭಾಗಗಳು ಹೀಗೆ ಸರಾಗ ಆದ ಮೇಲೆ ಕೆಲಸ ಕೊನೆಯಲ್ಲಿ ಗುಡ್ಡೆ ಬೀಳತೊಡಗಿತು. ಟೆಸ್ಟಿಂಗ್‌ನಲ್ಲಿ. ಜೋಡಿಸುವುದು ಬೇಗ ಆಗುತ್ತಿತ್ತು, ಆದರೆ ಮಷಿನ್ ಪೂರ್ತಿ ಬಿಸಿಯಾಗಿ, ಆ ದಪ್ಪ ಲೋಹ ಎಲ್ಲ ಒಂದೇ ಶಾಖಕ್ಕೆ ಬಂದು ನಿಲ್ಲುವುದಕ್ಕೆ ಅದರದೇ ಹೊತ್ತು ಬೇಕು. ಅದನ್ನು ಯಾವ ಜಿಗ್‌ನಿಂದಲೂ ಕಡಿಮೆ ಮಾಡುವುದಕ್ಕಾಗುವುದಿಲ್ಲ. ಒಂದೇ ಸಲ ಹತ್ತು ಮಷಿನ್ ಹಾಕೋಣ ಅಂದರೆ ಒಂದೊಂದಕ್ಕೆ ನೀರು ಕಾಯಿಸುವ ಎರಡು ಕಿಲೋವ್ಯಾಟ್ ಕಾಯಿಲ್, ಒಟ್ಟು ಇಪ್ಪತ್ತು. ನಮಗೆ ಮಂಜೂರಾದ ಕರೆಂಟ್ ಲೋಡ್‌ನಲ್ಲಿ ಲೇತ್, ವೆಲ್ಡಿಂಗ್ ಸೆಟ್, ಕಂಪ್ರೆಸರ್ ಎಲ್ಲ ಇದ್ದವು. ಲೋಡ್ ಹೆಚ್ಚಿಸುವುದಕ್ಕೆ ಅರ್ಜಿ ಹಾಕಿದೆವು. ಸಣ್ಣ ಉದ್ಯಮದವರಿಗೆ ನನ್ನ ಕಿವಿಮಾತು, ಮಷಿನರಿ ಕೊಟೇಷನ್ ತರಿಸುವ ದಿನವೇ ಈ ಅರ್ಜಿಯನ್ನೂ ಹಾಕಿ. ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ನಾವು ಪಾಳಿ ಮಾಡಿಕೊಂಡೆವು. ಬೆಳಗ್ಗೆ ಲೇತ್ ಶುರುವಾಗುವ ಮೊದಲು ಒಂದು ಗುಂಪು ಬಿಸಿಯಾಗುತ್ತಿತ್ತು, ಬಿಸಿಯಾದ ಮೇಲೆ ಕಾಯಿಲ್ ಆಗಾಗ ಮಾತ್ರ ಕರೆಂಟ್ ಎಳೆಯುವುದರಿಂದ ಇನ್ನೊಂದು ಗುಂಪಿಗೆ ಜಾಗ ಸಿಗುತ್ತಿತ್ತು.

ಟೆಸ್ಟಿಂಗ್‌ನಲ್ಲಿ ಏನನ್ನೂ ಬಿಡುವುದಿಲ್ಲ ಅನ್ನುವುದು ನನ್ನ ಹಟ. ಮೊದಲು ಅರ್ತಿಂಗ್. ಪ್ಲಗ್‌ನ ಅರ್ತ್ ಪಿನ್ನಿಗೂ ಮಷಿನ್ ಮೈಗೂ ನಡುವೆ ಕರೆಂಟಿಗೆ ತಡೆ 0.1 ಓಮ್ ಒಳಗೆ ಇರಬೇಕು. ಆಮೇಲೆ ಇನ್ಸುಲೇಷನ್. ಆಮೇಲೆ ಸೇಫ್ಟಿ ವಾಲ್ವ್ ನಿಜವಾಗಿ ಬಿಡುತ್ತದಾ ಅಂತ ಬಿಡಿಸಿ ನೋಡುವುದು. ಆಮೇಲೆ ಪ್ರೆಷರ್ ಗೇಜ್ ಕೂರಿಸಿದ ಬುಟ್ಟಿ ಹಾಕಿ ಒತ್ತಡ. ಎಲ್ಲ ಆದ ಮೇಲೆ ಕಾಫಿ. ಮೊದಲು ನೇರ ಕಾಫಿಯಲ್ಲೇ ಟೆಸ್ಟ್ ಮಾಡುತ್ತಿದ್ದೆವು, ಆದರೆ ಪುಡಿ ಚೂರು ದಪ್ಪ ಆದರೂ ಲೆಕ್ಕ ಬದಲಾಗುತ್ತದೆ, ತಪ್ಪು ಮಷಿನ್‌ದಾ ಪುಡಿಯದಾ ಗೊತ್ತಾಗುವುದಿಲ್ಲ. ಈಗ ಕಾಫಿ ಕೊನೆಗೆ. ಆದರೂ ಕಾಫಿ ಇಳಿಸಿ ಕುಡಿದು ನೋಡದ ಮಷಿನ್ ನಮ್ಮ ಶೆಡ್ ಬಿಟ್ಟು ಹೋಗುವುದಿಲ್ಲ. ಇಷ್ಟೆಲ್ಲ ಮಾಡುವುದು ಆ ಕಪ್ಪಿಗಾಗಿ ತಾನೇ?

ನೀರಿನ ಕಥೆಯೂ ಇದೆ. ನಮ್ಮ ಬೋರ್‌ವೆಲ್ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪುಡಿ ಕೂರುವುದು ಇಲ್ಲಿ ಎಲ್ಲರ ಮನೆಯಲ್ಲೂ ಗೊತ್ತು. ಆ ನೀರಿನಲ್ಲಿ ಟೆಸ್ಟ್ ಮಾಡಿದರೆ ಹೊಸ ಬಾಯ್ಲರ್‌ನ ಕಾಯಿಲ್ ಮೇಲೆ ನಮ್ಮಲ್ಲೇ ಪೊರೆ ಕಟ್ಟಲು ಶುರು. ಅದಕ್ಕೆ ಆರ್‌ಓ ಹಾಕಿಸಿದೆವು. ಬರೀ ಆರ್‌ಓ ನೀರು ತುಂಬಿದಾಗ ಬಾಯ್ಲರ್ ತುಂಬಿದರೂ ನೀರು ತುಂಬಿಸುವ ವಾಲ್ವ್ ನಿಲ್ಲಲಿಲ್ಲ. ಒಳಗೆ ನೀರಿನ ಮಟ್ಟ ನೋಡುವ ಕಡ್ಡಿ ಕೆಲಸ ಮಾಡುವುದು ನೀರಿನಲ್ಲಿ ಕರೆಂಟ್ ಹರಿಯುವುದರಿಂದ. ಲವಣವೇ ಇಲ್ಲದ ನೀರಿನಲ್ಲಿ ಅದು ಸಾಕಷ್ಟು ಹರಿಯುವುದಿಲ್ಲ, ಕಡ್ಡಿಗೆ ನೀರು ಬಂದಿದ್ದೇ ಗೊತ್ತಾಗುವುದಿಲ್ಲ. ಈಗ ಆರ್‌ಓ ನೀರಿಗೆ ಫಿಲ್ಟರ್ ಮಾಡಿದ ಮಾಮೂಲಿ ನೀರನ್ನು ಅಳತೆ ಮಾಡಿ ಬೆರೆಸುತ್ತೇವೆ. ಕೆಫೆಯವರಿಗೂ ಇದನ್ನೇ ಹೇಳುತ್ತೇವೆ. ಕಾಫಿ ರುಚಿಗೂ ನೀರಿನಲ್ಲಿ ಸ್ವಲ್ಪ ಲವಣ ಬೇಕು.

ಜನರ ವಿಷಯ. ಐಟಿಐ ಮುಗಿಸಿದ ಹುಡುಗರು, ಪಿಯುಸಿ ಮುಗಿಸಿ ಸುತ್ತಲಿನ ಹಳ್ಳಿಗಳಿಂದ ಬರುವ ಹುಡುಗಿಯರು. ಒಬ್ಬರೇ ಪೂರ್ತಿ ಮಷಿನ್ ಮಾಡುವುದು ನಿಂತು, ಗ್ರೂಪ್ (ಸಿಲಿಂಡರ್, ಪಿಸ್ಟನ್, ಸ್ಪ್ರಿಂಗ್ ಸೇರಿದ, ಕಾಫಿ ಇಳಿಯುವ ಭಾಗ) ಒಬ್ಬರು, ಬಾಯ್ಲರ್ ಪೈಪಿಂಗ್ ಒಬ್ಬರು, ವೈರಿಂಗ್ ಒಬ್ಬರು ಅಂತ ಆಯಿತು. ನಮ್ಮ ಹಳೆಯ ಫಿಟ್ಟರ್‌ಗೆ ಇದು ಇಷ್ಟ ಆಗಲಿಲ್ಲ. "ನಾ ಮಾಡಿದ ಮಷಿನ್ ಅಂತ ಹೇಳ್ಕಳಾಕೆ ಏನ್ ಉಳೀತಕ್ಕ?" ಅಂದ. ಆ ಮಾತಿನಲ್ಲಿ ನ್ಯಾಯ ಇತ್ತು. ಅದಕ್ಕೆ ಪ್ರತಿ ಮಷಿನ್ ಜೊತೆ ಒಂದು ಕಾರ್ಡ್ ಹೋಗುತ್ತದೆ. ಯಾವ ಸ್ಪ್ರಿಂಗ್, ಎಷ್ಟು ಕಿಲೋ, ಬಾಯ್ಲರ್ ಯಾರು ವೆಲ್ಡ್ ಮಾಡಿದ್ದು, ಯಾರು ಜೋಡಿಸಿದ್ದು, ಟೆಸ್ಟ್ ಲೆಕ್ಕ ಎಲ್ಲ, ಕೆಳಗೆ ಅವರವರ ಸಹಿ. ಒಂದು ಪ್ರತಿ ನಮ್ಮಲ್ಲಿ, ಒಂದು ಮಷಿನ್ ಒಳಗೆ. ಆ ಫಿಟ್ಟರೇ ಈಗ ಹೊಸಬರಿಗೆ ಕಲಿಸುತ್ತಾನೆ, ಕಾರ್ಡಿನಲ್ಲಿ ಕೊನೆಯ ಸಹಿ ಅವನದು. ಅವನು ಒಪ್ಪದೆ ಪ್ಯಾಕಿಂಗ್ ಇಲ್ಲ, ಲಾರಿ ಬಂದು ನಿಂತಿದ್ದರೂ ಇಲ್ಲ.

ದುಡ್ಡಿನ ಬಗ್ಗೆ ಹೇಳದಿದ್ದರೆ ಸುಳ್ಳಾಗುತ್ತದೆ. ನಾಲ್ಕು ಮಷಿನ್‌ಗೆ ಸಾಮಾನು ತರುವುದು ಬೇರೆ, ಮೂವತ್ತಕ್ಕೆ ತರುವುದು ಬೇರೆ. ಸೀಲ್ ಮಾಡುವವರು ಡೈ (ಅಚ್ಚು) ಖರ್ಚು ಕೇಳುತ್ತಾರೆ, ಸಾವಿರಕ್ಕಿಂತ ಕಡಿಮೆ ಮಾಡುವುದಿಲ್ಲ ಅನ್ನುತ್ತಾರೆ. ಸಾಮಾನಿಗೆ ದುಡ್ಡು ಇವತ್ತು ಹೋಗುತ್ತದೆ, ಮಷಿನ್ ಮಾರಿ ಬರುವುದು ತಿಂಗಳುಗಳ ಮೇಲೆ. ಆರ್ಡರ್ ಜಾಸ್ತಿ ಇದ್ದೂ ಬಾಗಿಲು ಹಾಕಿದ ವರ್ಕ್‌ಶಾಪ್‌ಗಳನ್ನು ನಾನು ನೋಡಿದ್ದೇನೆ, ಅವರ ಕೈ ಕಟ್ಟಿದ್ದು ಇದೇ. ನಾವು ಅರ್ಧ ಅಡ್ವಾನ್ಸ್ ಇಲ್ಲದೆ ಕೆಲಸ ಹಿಡಿಯುವುದಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ ಮೇಲೆ ಅಚ್ಚು ಹಾಕಿಸಿದ್ದೇವೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ನಮ್ಮಂತಹ ಸಣ್ಣವರಿಗೆ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಕರಾರು ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ಈ ಗಡುವು ಮೀರಿದರೆ ಕೊಂಡವರು ಆ ಖರ್ಚನ್ನು ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ತೋರಿಸಬಹುದು ಅನ್ನುವ ನಿಯಮ 2024–25ರ ಅಸೆಸ್‌ಮೆಂಟ್ ವರ್ಷದಿಂದ ಬಂದಿದೆ. ಮಾರ್ಚ್ ಹತ್ತಿರ ಬಂದಾಗ ಅಣ್ಣ ಇದನ್ನು ನೆನಪು ಮಾಡಿದರೆ ಸಾಕು, ಬಾಕಿ ಬರುತ್ತದೆ. ನಾವೂ ಅಷ್ಟೇ, ಲೋಹಕ್ಕೆ ಪಾಲಿಶ್ ಹಾಕುವ ಬಫಿಂಗ್‌ನವರಿಗೆ, ಲೇತ್ ಜಾಬ್ ವರ್ಕ್‌ನವರಿಗೆ ಶನಿವಾರ ಶನಿವಾರ ಕೊಟ್ಟುಬಿಡುತ್ತೇವೆ. ಅವರ ಹತ್ತಿರ ಕೂತು ತಿನ್ನುವ ಗಂಟು ಇರುವುದಿಲ್ಲ. ಬಫಿಂಗ್ ಧೂಳಿನಲ್ಲಿ ದುಡಿದವನ ಕೂಲಿಯನ್ನು ತಡೆದು ನಾವು ದೊಡ್ಡವರಾಗುವುದು ಸರಿಯಲ್ಲ.

ಪ್ಯಾಕಿಂಗ್‌ಗೆ ಈಗ ಮರದ ಪೆಟ್ಟಿಗೆ, ತಳಕ್ಕೆ ಬೋಲ್ಟ್ ಮಾಡಿ ಕಳಿಸುತ್ತೇವೆ. ಅದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ.

ಇಷ್ಟರ ಫಲ ನನಗೆ ಗೊತ್ತಾದದ್ದು ಸಂಖ್ಯೆಯಲ್ಲಿ ಅಲ್ಲ. ಹುಬ್ಬಳ್ಳಿಯ ಒಂದು ಕೆಫೆಯಲ್ಲಿ ಪಿಸ್ಟನ್ ಸವೆದಿತ್ತು, ಮದುವೆ ಸೀಸನ್, ಅಂಗಡಿ ತುಂಬ ಜನ. ಮೊದಲಾಗಿದ್ದರೆ ನಮ್ಮ ಫಿಟ್ಟರ್ ಚೀಲದಲ್ಲಿ ನಾಲ್ಕೈದು ಪಿಸ್ಟನ್ ಮತ್ತು ಅರ ಹಾಕಿಕೊಂಡು ಬಸ್ ಹತ್ತಬೇಕಿತ್ತು. ಕಾರ್ಡ್ ತೆಗೆದು ನೋಡಿದೆ, ಅರಕ್ಕೆ ಬೀಗ ಬಿದ್ದ ಮೇಲಿನ ಮಷಿನ್. ರ‍್ಯಾಕಿನಿಂದ ಒಂದು ಪಿಸ್ಟನ್ ತೆಗೆದು ಬಸ್ ಪಾರ್ಸೆಲ್‌ನಲ್ಲಿ ಕಳಿಸಿದೆವು, ಸ್ಪ್ರಿಂಗ್ ಬಿಚ್ಚುವ ಪಂಜರ ಇರುವ ಅಲ್ಲಿನ ಸರ್ವಿಸ್ ಹುಡುಗ ಹಾಕಿದ. ಮಧ್ಯಾಹ್ನ ಫೋನ್ ಮಾಡಿ, "ಅಕ್ಕಾರ, ಸೀದಾ ಕುಂತ್ರಿ, ಏನೂ ತಿಕ್ಕಲಿಲ್ರಿ" ಅಂದ. ಅದನ್ನು ಕಾಕಾಗೆ ಹೇಳಿದೆ. ಅವರು ಅದರಲ್ಲೇನು ವಿಶೇಷ ಅನ್ನುವ ಹಾಗೆ, ಗೇಜ್ ಸವೆದಿದೆಯಾ ನೋಡಿಸಿದೆಯೇನು ಅಂತ ಕೇಳಿದರು. ಹೋಗಲೇಬೇಕಾದ ತುದಿ ದಿನಾ ಉಜ್ಜಿ ಉಜ್ಜಿ ಮೊದಲು ಸವೆಯುತ್ತದೆ. ಮರುದಿನವೇ ಕ್ಯಾಲಿಬ್ರೇಷನ್‌ಗೆ ಕಳಿಸಿದೆವು.

ಈಗ ಎರಡು ಗ್ರೂಪಿನ ಮಷಿನ್ ಡ್ರಾಯಿಂಗ್ ನಡೆಯುತ್ತಿದೆ. ಬಾಯ್ಲರ್ ಉದ್ದ ಆಗುತ್ತದೆ, ವೆಲ್ಡ್ ಆದ ಮೇಲೆ ಅದರ ಎರಡು ಫ್ಲ್ಯಾಂಜ್ ಒಂದೇ ಮಟ್ಟದಲ್ಲಿ ಬರಬೇಕು. ನಮ್ಮ ಲೇತ್‌ನಲ್ಲಿ ಅದನ್ನು ಹಿಡಿಯುವುದಕ್ಕೆ ಜಾಗ ಸಾಲದು. ಎರಡನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಕತ್ತರಿಸುವ ದೊಡ್ಡ ಮಿಲ್ಲಿಂಗ್ ಮಷಿನ್ ಹರಿಹರದಲ್ಲಿ ಒಬ್ಬರ ಹತ್ತಿರ ಇದೆ, ಸೋಮವಾರ ಕಾಕಾ ಜೊತೆ ಹೋಗಿ ನೋಡಿ ಬರಬೇಕು.